ಒಡೆದ ಕಪ್ಪಿನ ಬೆಳ್ಳಕ್ಕಿ

ಆಯುಧಪೂಜೆಯ ಮಾರನೇ ದಿನದ ನಸುಕು. ಹೊಸಕೆರೆಹಳ್ಳಿಯ ಬೀದಿಗಳ ಅವಸ್ಥೆ ಹೇಳತೀರದು. ಒಡೆದ ಬೂದುಗುಂಬಳ, ಬಾಳೆಕಂದು, ಕಡ್ಲೆಪುರಿ, ಬಾಡಿದ ಸೇವಂತಿಗೆ ಎಲ್ಲಾ ಕಲಸಿಹೋಗಿ ಕಾಲಿಟ್ಟರೆ ಜಾರುತ್ತದೆ. ಪೌರಕಾರ್ಮಿಕರಾದ ಇಂದ್ರಾಣಿ ಉದ್ದನೆಯ ಪೊರಕೆ ಹೆಗಲಿಗೇರಿಸಿ ಬಿರಬಿರನೆ ನಡೆಯುತ್ತಿದ್ದವರು, ಹಳೇ ಕಾಂಪೌಂಡಿನ ತಿರುವು ಬರುತ್ತಲೇ ಗಕ್ಕನೆ ನಿಂತುಬಿಡುತ್ತಾರೆ.

"ಸಾರ್, ನೀವೇ ಹೋಗಿ ನೋಡ್ಬಿಟ್ ಬನ್ನಿ. ನಂಗೆ ಎದೆ ಡವಡವ ಅಂತಿದೆ."

ಪತ್ರಿಕೆಗೆ ಬರೆಯಲೆಂದು ಜೊತೆಗೆ ಬಂದ ನಾನೂ ಹೋಗುವುದಿಲ್ಲ. ಅವರ ಗೋಡೆ, ಅವರೇ ಮೊದಲು ನೋಡಲಿ.

ತಿರುವಿನಾಚೆ ಇರುವ ಆ ಗೋಡೆಯ ಬುಡ ಇಡೀ ಬಡಾವಣೆಯ ತಿಪ್ಪೆಯಾಗಿತ್ತು. ಗುಡಿಸಿ ಬೆನ್ನು ತಿರುಗಿಸುವಷ್ಟರಲ್ಲಿ ಮತ್ತೆ ಚೀಲ ಬಿದ್ದಿರುತ್ತಿತ್ತು. ಈಗ ಗೋಡೆಯ ಮೇಲೊಂದು ಕೆರೆಯಿದೆ. ಕೆಡವಿದ ಮನೆಗಳ ಬಚ್ಚಲಿನ ನೀಲಿ ಟೈಲ್ಸ್ ನೀರಾಗಿದೆ, ಒಡೆದ ಹಸಿರು ಬಳೆಗಳು ಜೊಂಡಾಗಿವೆ. ಚಿತ್ರಕಲೆ ಕಲಿತ ಇದೇ ಬೀದಿಯ ಅರ್ಪಿತ ಗೋಡೆಯ ಮೇಲೆ ಗೆರೆ ಎಳೆದುಕೊಟ್ಟರು. ಚೂರು ಆಯ್ದವರು, ಸಿಮೆಂಟು ಕಲಸಿದವರು, ಅಂಟಿಸಿದವರು ಬೀದಿಯವರೇ. ಅವರನ್ನೆಲ್ಲ ಮನೆಮನೆಯ ಗೇಟು ಬಡಿದು ಎಳೆದು ತಂದವರು ಇಂದ್ರಾಣಿ.

ಆದರೆ ಪೌರಕಾರ್ಮಿಕರ ಮೇಸ್ತ್ರಿ ಮಾರಯ್ಯನವರಿಗೆ ನಂಬಿಕೆಯಿಲ್ಲ. ಕಸದ ಲಾರಿ ನಿಲ್ಲಿಸುವುದಕ್ಕೆ ಅವರಿಗೆ ಜಾಗ ಬೇಕು. "ಆಯುಧಪೂಜೆ ಮಾರನೇ ದಿನ ಬರ್ತೀನಿ. ಗೋಡೆ ಹತ್ರ ಒಂದು ಬಾಳೆಕಂದು ಬಿದ್ದಿದ್ರೂ ನಿನ್ ಕೆರೆ ಒಡ್ಸಿ ಲಾರಿ ನಿಲ್ಲಿಸ್ತೀನಿ, ಸರೀನಾ?" ಎಂದಿದ್ದರು. ಇಂದ್ರಾಣಿ ರೋಷಕ್ಕೆ ಬಿದ್ದು "ಸರಿ, ನಿಲ್ಸಿ" ಎಂದುಬಿಟ್ಟಿದ್ದರು. ವರ್ಷದಲ್ಲೇ ಅತಿ ಹೆಚ್ಚು ಕಸ ಬೀಳುವ ದಿನವನ್ನೇ ಒಪ್ಪಿಕೊಂಡಿದ್ದಾರಲ್ಲ, ಎಂಥ ಧೈರ್ಯ ನೋಡಿ!

ಕೆರೆಗಿಂತ ಮೊದಲು ಇದೇ ಗೋಡೆಯಲ್ಲಿ ಅವರೊಮ್ಮೆ ಮುಗ್ಗರಿಸಿದ್ದೂ ಉಂಟು. ಬೆಂಗಳೂರಿನಲ್ಲಿ ಗೋಡೆ ಹೊಲಸಾಗದಿರಲು ಎಲ್ಲರೂ ಮಾಡುವುದನ್ನೇ ಅವರೂ ಮಾಡಿಸಿದರು. ದೇವರ ಟೈಲ್ಸ್ ಹಾಕಿಸಿದರು.

"ನಮ್ಮನೇಲಿ ಬುದ್ಧನ ಫೋಟೊ ಒಂದೇ ಇರೋದು ಸಾರ್. ಆದ್ರೂ ಐಡಿಯಾ ನಂದೇ! ದೇವ್ರ ಮುಂದೆ ಯಾರು ಕಸ ಹಾಕ್ತಾರೆ ಅನ್ಕೊಂಡೆ. ವಾರದೊಳಗೆ ಊದುಬತ್ತಿ ಬಂತು, ತೆಂಗಿನಕಾಯಿ ಚಿಪ್ಪು ಬಂತು, ಒಣಗಿದ ಹಾರ ಬಂತು. ಆಮೇಲೆ ಎಲ್ಲರ ಮನೆ ಹಳೇ ದೇವ್ರ ಫೋಟೊ ತಂದು ಒರಗಿಸಿಟ್ರು. ಅವನ್ನ ಎತ್ತೋಕೆ ನಮ್ ಹುಡುಗೀರೂ ಹೆದರ್ತಾರೆ. ಮೊದಲಾದ್ರೆ ಬರೀ ಕಸ ಇತ್ತು, ಈಗ ಪೂಜೆ ಕಸ!" ಎಂದು ಹೊಟ್ಟೆ ಹಿಡಿದುಕೊಂಡು ನಗುತ್ತಾರೆ.

ದಾರಿ ತೋರಿಸಿದ್ದು ಒಂದು ಉಪ್ಪಿನಕಾಯಿ ಜಾಡಿ. ಗೋಡೆಯ ಎದುರು ಮನೆಯ ನೀಲಗಂಗಮ್ಮ ಒಂದು ದಿನ ಬಿರುಕು ಬಿಟ್ಟ ಜಾಡಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಬಂದರು. ಅತ್ತೆಯ ಕಾಲದ್ದು, ಎಸೆಯಲು ಮನಸ್ಸಿಲ್ಲ, ಇಟ್ಟುಕೊಂಡರೆ ದರಿದ್ರವೆಂಬ ಭಯ. "ಎಸೀಬೇಡಿ ಅಮ್ಮಾ, ಗೋಡೆಗೆ ಹಾಕ್ಸೋಣ" ಎಂದರು ಇಂದ್ರಾಣಿ. ಆ ಜಾಡಿಯೇ ಈಗ ಕೆರೆಯ ಏರಿ. ಸುದ್ದಿ ಹಬ್ಬಿ, ಎಸೆಯಲಾರದೆ ಇಟ್ಟುಕೊಂಡದ್ದೆಲ್ಲ ಅಟ್ಟದಿಂದ ಇಳಿಯಿತು. ದೇವರ ಟೈಲ್ಸ್‌ಗಳನ್ನು ಅರ್ಚಕರೊಬ್ಬರ ಕೈಯಿಂದಲೇ ತೆಗೆಸಿದರು. ತಮ್ಮ ಮನೆಯ ಚೂರು ಇರುವ ಕಡೆ ಕಸ ಎಸೆಯಲು ಯಾರಿಗೂ ಕೈ ಬರಲಿಲ್ಲ.

"ನಿಮ್ಮನೇದೇನು ಹಾಕ್ತೀರಾ ಅಕ್ಕಾ?" ಎಂದು ಕೇಳಿದ್ದು ಅರ್ಪಿತ.

"ನಮ್ಮನೇಲಿ ಎಲ್ಲಾ ಸ್ಟೀಲು. ನೆಗ್ಗುತ್ತೆ, ಒಡೆಯಲ್ಲ" ಎಂದ ಇಂದ್ರಾಣಿಯವರ ಕಣ್ಣು ನೀಲಗಂಗಮ್ಮನವರ ಗೇಟಿನ ಬದಿಗೆ ಹೋಯಿತು. ಅಲ್ಲಿ ನಲ್ಲಿಯ ಪಕ್ಕ ಹಿಡಿ ಮುರಿದ ಬಿಳಿ ಪಿಂಗಾಣಿ ಕಪ್ಪೊಂದು ಬೋರಲಾಗಿತ್ತು. ವರ್ಷಗಳಿಂದ ಇಂದ್ರಾಣಿಗೆ ಕಾಫಿ ಬರುತ್ತಿದ್ದದ್ದು ಅದರಲ್ಲೇ. ಕುಡಿದು, ತಾವೇ ತೊಳೆದು, ಅಲ್ಲೇ ಬೋರಲು ಹಾಕಿ ಹೋಗಬೇಕು. ಕಪ್ಪು ಒಳಗೆ ಹೋಗುವಂತಿಲ್ಲ.

"ನಾನು ಕೇಳೇಬಿಟ್ಟೆ ಸಾರ್. ಅಮ್ಮಾ, ಇದ್ರಲ್ಲಿ ನನ್ ಬಿಟ್ರೆ ಯಾರೂ ಕುಡಿದಿಲ್ಲ, ಅಂದ್ಮೇಲೆ ಇದು ನಂದೇ ಅಲ್ವಾ, ಕೊಡಿ ಅಂದೆ. ಅವ್ರ ಮುಖ ಸಣ್ಣದಾಗೋಯ್ತು. ಸೀದಾ ಒಳಗೋದ್ರು. ನಾನು ಸುತ್ತಿಗೆ ತಗೊಂಡು ಅಲ್ಲೇ ಒಡೆದೆ. ಅಬ್ಬಾ, ಸಖತ್ ಖುಷಿಯಾಯ್ತು!"

ಚೂರುಗಳೆಲ್ಲ ಕೆರೆಯ ಅಂಚಿನಲ್ಲಿ ಒಂಟಿ ಕಾಲಲ್ಲಿ ನಿಂತ ಬೆಳ್ಳಕ್ಕಿಯಾದವು. ಅಂದಿನಿಂದ ಎದುರು ಮನೆಯ ಕಾಫಿ ನಿಂತುಹೋಯಿತು, ಮಾತೂ ನಿಂತುಹೋಯಿತು. ಈ ನಸುಕಿನ ಎದೆಬಡಿತ ಅದಕ್ಕೇ. ಹಿಂದೆಲ್ಲ ಆ ಮೂಲೆಗೆ ಮೊದಲ ಚೀಲ ಬೀಳುತ್ತಿದ್ದದ್ದು ನೀಲಗಂಗಮ್ಮನವರ ಮನೆಯಿಂದಲೇ. "ಒಂದು ಚೀಲ ಬಿದ್ರೆ ಸಾಕು, ಅದ್ರ ಹಿಂದೆ ಬೀದೀನೇ ಬರುತ್ತೆ" ಎನ್ನುತ್ತಾ ಇಂದ್ರಾಣಿ ಕೊನೆಗೂ ತಿರುವು ದಾಟುತ್ತಾರೆ.

ಗೋಡೆಯ ಬುಡದಲ್ಲಿ ಏನೂ ಇಲ್ಲ. ಒಂದು ಹೂವಿನ ಎಸಳೂ ಇಲ್ಲ. ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು, ಊರುಗೋಲು ತೊಡೆಯ ಮೇಲಿಟ್ಟುಕೊಂಡು ನೀಲಗಂಗಮ್ಮ ಕೂತಿದ್ದಾರೆ. ಮೇಸ್ತ್ರಿ ಮಾರಯ್ಯ ಆಗಲೇ ಬಂದು ಬೈಸಿಕೊಳ್ಳುತ್ತಾ ನಿಂತಿದ್ದಾರೆ.

"ಲಾರಿ ನಿಲ್ಲಿಸ್ತಾನಂತೆ ಲಾರಿ! ನಮ್ಮತ್ತೆ ಜಾಡಿ ಇದೆ ಅಲ್ಲಿ. ಮುಟ್ಟಿ ನೋಡು!"

"ಆಯ್ತು ಬಿಡೀಮ್ಮಾ, ಸೋತೆ" ಎಂದು ಮಾರಯ್ಯ ಕೈಮುಗಿಯುತ್ತಾರೆ. ಇಂದ್ರಾಣಿ ಪೊರಕೆಯನ್ನೆತ್ತಿ "ಹೋ!" ಎಂದು ಕೂಗಿದ ಕೂಗಿಗೆ ಮೇಲಿನ ಮನೆಯ ಕಿಟಕಿಗಳು ತೆರೆಯುತ್ತವೆ.

ನೀಲಗಂಗಮ್ಮ ಎದ್ದು ಒಳಹೋಗಿ ಎರಡು ಸ್ಟೀಲ್ ಲೋಟದಲ್ಲಿ ಕಾಫಿ ತರುತ್ತಾರೆ. ಎರಡೂ ಒಂದೇ ಜೋಡಿಯವು.

"ತಗೊಳ್ಳೇ, ಆರೋಗುತ್ತೆ."

"ಮನೆ ಲೋಟ ಅಲ್ವಾಮ್ಮಾ ಇದು?"

"ಮತ್ತೇನ್ ಮಾಡ್ಲಿ? ನಿನ್ ಕಪ್ಪನ್ನ ಹಕ್ಕಿ ಮಾಡಿ ಕೂರಿಸ್ಬಿಟ್ಟಿದ್ದೀಯಲ್ಲ" ಎನ್ನುವಾಗ ಅವರ ದನಿ ಗದರಿಕೆಯದ್ದು, ಕಣ್ಣು ಮಾತ್ರ ನೆಲದ ಮೇಲಿದೆ.

ಇಂದ್ರಾಣಿ ಮೆಟ್ಟಿಲ ಮೇಲೆ ಕೂತು ನಿಧಾನಕ್ಕೆ ಕುಡಿಯುತ್ತಾರೆ. ಮುಗಿದ ಮೇಲೆ ನಲ್ಲಿಯ ಕಡೆ ಎರಡು ಹೆಜ್ಜೆ ಹಾಕಿ ನಿಲ್ಲುತ್ತಾರೆ, ತಿರುಗಿ ಬಂದು ತೊಳೆಯದ ಲೋಟವನ್ನು ಹಾಗೇ ನೀಲಗಂಗಮ್ಮನವರ ಕೈಗೆ ಕೊಡುತ್ತಾರೆ. ಅದು ಅವರ ಲೋಟದ ಜೊತೆಯಲ್ಲೇ ಒಳಗೆ ಹೋಗುತ್ತದೆ.

ಫೋಟೊ ತೆಗೆಯಲು ನಾನು ಮೊಬೈಲ್ ಎತ್ತಿದರೆ ಇಂದ್ರಾಣಿ ತಡೆಯುತ್ತಾರೆ.

"ಪೇಪರ್‌ಗೆ ನಂದು ಬೇಡ ಸಾರ್. ಆ ಬೆಳ್ಳಕ್ಕೀದು ಹಾಕಿ. ದೊಡ್ಡದಾಗಿ ಹಾಕಿ."