ಪೀಠದ ಹಿಂದಿನ ಓಣಿ

ನಮ್ಮಮ್ಮ ಕಾಣೆಯಾದಾಗ ನನ್ನ ಮಗುವಿಗೆ ಇನ್ನೂ ತಿಂಗಳು ತುಂಬಿರಲಿಲ್ಲ. ಎಪ್ಪತ್ನಾಲ್ಕರ ಜನವರಿ, ಅಮೆರಿಕದ ಡೆಟ್ರಾಯ್ಟ್‌ನ ದಕ್ಷಿಣಕ್ಕೆ, ನದಿಯ ಹತ್ತಿರ ನಮ್ಮ ಬಾಡಿಗೆ ಮನೆ. ಹೊರಗೆ ನೀರು ಕಲ್ಲಾಗುವ ಚಳಿ, ಹತ್ತು ಡಿಗ್ರಿ ಫ್ಯಾರನ್‌ಹೀಟ್. ಬಾಣಂತನಕ್ಕೆಂದು ಮೈಸೂರಿನಿಂದ ಬಂದಿದ್ದ ಅಮ್ಮನಿಗೆ ಇಂಗ್ಲಿಷ್ ಒಂದಕ್ಷರ ಬಾರದು. ಮಗುವಿನ ಪಕ್ಕ ಸ್ವಲ್ಪ ಕಣ್ಣುಮುಚ್ಚಿ ಎದ್ದು ನೋಡುತ್ತೇನೆ, ಅಮ್ಮ ಇಲ್ಲ. ಗೂಟದಲ್ಲಿ ಯಜಮಾನರ ಹಳೆಯ ಕೋಟೂ ಇಲ್ಲ.

ಸುದ್ದಿ ತಿಳಿದು ಯಜಮಾನರು ದೂರದ ಪ್ಲಿಮತ್‌ನ ಆಫೀಸಿನಿಂದ ಹೊರಟರು. ಪೊಲೀಸರು ಬಸ್ ಸ್ಟಾಪು, ಅಂಗಡಿಗಳನ್ನೆಲ್ಲ ನೋಡಿ ಇಲ್ಲವೆಂದರು. ನಾನು ಕಿಟಕಿಗೆ ಹೋದೆ, ಬಾಗಿಲಿಗೆ ಬಂದೆ, ಮತ್ತೆ ಕಿಟಕಿಗೆ ಹೋದೆ. "ನಂಜುಂಡೇಶ್ವರಾ, ಅಂಥ ವಿಷವನ್ನೇ ನುಂಗಿದವನು ನೀನು, ಈ ಚಳೀನೂ ಒಂದಿಷ್ಟು ನುಂಗಪ್ಪಾ" ಎಂದು ಗೋಗರೆದೆ.

ಪಕ್ಕದ ಮನೆಯ ಐರಿನ್ ಬಂದಳು. ಅವಳ ಮಾತನ್ನು ನಮ್ಮ ಮಾತಿನಲ್ಲಿ ಹೇಳುವುದಾದರೆ, "ಮಗೂನ ಸುತ್ಕೊಂಡು ಕಾರು ಹತ್ತು. ಇಲ್ಲೇ ಇದ್ರೆ ನೆಲ ಸವೆಸಿಬಿಡ್ತೀಯ!"

ಬೀದಿ ಬೀದಿ ಸುತ್ತಿದೆವು. ಹಿಂದೆ ಫ್ರೆಂಚ್ ರೈತರ ಹಳ್ಳಿಯಾಗಿದ್ದ ಕಡೆ ಅವರದೇ ಹಳೆಯ ಚರ್ಚು. ಅದರ ಬಾಗಿಲ ಹೊರಗೆ, ಹಿಮದ ಮೇಲೆ, ಒಂದು ಜೊತೆ ಬೂಟು ಜೋಡಿಸಿಟ್ಟಂತೆ ನಿಂತಿತ್ತು.

"ಯಾರೋ ಬಿಸಾಕಿದಾರೆ" ಎಂದಳು ಐರಿನ್.

"ಅಲ್ಲ, ನಿಲ್ಲಿಸು!" ಎಂದು ಕಿರುಚಿದೆ. ಆ ಚಳಿಯಲ್ಲೂ ದೇವರ ಮನೆಯ ಹೊರಗೆ ಕಾಲುಮೆಟ್ಟು ಬಿಡುವವರು ನಮ್ಮವರಲ್ಲದೆ ಇನ್ಯಾರು?

ಮಗುವನ್ನು ಐರಿನ್ ಕೈಗೆ ಕೊಟ್ಟು ಒಳಗೆ ಓಡಿದೆ. ಅಲ್ಲೂ ಕೊರೆಯುವ ಚಳಿ. ಆಗಷ್ಟೇ ಬಂದಿದ್ದ ಪಾದ್ರಿ ದಿಕ್ಕುತೋಚದೆ ನಿಂತಿದ್ದರು. ಎದುರಿಗಿದ್ದ ಪೂಜಾಪೀಠದ ಹಿಂದಿನಿಂದ ಅಮ್ಮ ಕೈಮುಗಿದುಕೊಂಡು ಬರಿಗಾಲಲ್ಲಿ ಬಂದಳು.

"ಬಂದ್ಯಾ? ಇರು, ಪ್ರದಕ್ಷಿಣೆ ಮುಗೀಲಿ."

"ಅಮ್ಮಾ, ಜೀವ ಹೋಗಿತ್ತು ನಂಗೆ!"

"ನಾಲ್ಕು ಹೆಜ್ಜೆ ಓಡಾಡಿ ಬರೋಣಾಂತ ಹೊರಟೆ. ನಿಮ್ಮೂರಲ್ಲಿ ಎಲ್ಲಾ ಮನೇನೂ ಒಂದೇ ಥರ ಕಣೇ. ದಾರಿ ತಪ್ತು. ತಪ್ಪಿಸ್ಕೊಂಡೋರು ದೇವಸ್ಥಾನ ಸೇರ್ಕೋಬೇಕು ಅಂತ ನಮ್ಮಜ್ಜಿ ಹೇಳ್ತಿರ್ಲಿಲ್ವೇ? ಬಾಣಂತಿ ನೀನ್ಯಾಕೆ ತಲೆಗೆ ಕಟ್ಟಿಲ್ಲ?"

ನಗಲೋ ಅಳಲೋ ತಿಳಿಯಲಿಲ್ಲ. ಪಾದ್ರಿ ನನ್ನನ್ನು ಆ ಹಿಂಭಾಗಕ್ಕೆ ಕರೆದೊಯ್ದರು. ಅವರು ಹೇಳಿದಂತೆ, ಅಲ್ಲಿ ಮೊದಲಿದ್ದದ್ದು ಮರದ ದಿಮ್ಮಿಗಳ ಚರ್ಚು, ಆಮೇಲೆ ಕಲ್ಲಿನದು. ಅದೂ ಬೆಂಕಿಗೆ ಸಿಕ್ಕಿ, ಪೀಠದ ಹಿಂದಿನ ಅರ್ಧಚಂದ್ರದಂಥ ಗೋಡೆಯೊಂದೇ ಉಳಿಯಿತಂತೆ. ಅಜ್ಜಂದಿರು ಕಟ್ಟಿದ್ದನ್ನು ಕೆಡವಲು ಊರವರಿಗೆ ಮನಸ್ಸಾಗದೆ ಅದನ್ನು ಒಳಗಿಟ್ಟೇ ಹೊರಗೆ ಹೊಸ ಗೋಡೆ ಎಬ್ಬಿಸಿದರು. ನಡುವೆ ಒಬ್ಬರು ನಡೆಯುವಷ್ಟು ಓಣಿ ಉಳಿಯಿತು. ಚರ್ಚನ್ನು ಬೆಚ್ಚಗಿಡುವ ಬಿಸಿನೀರಿನ ಕೊಳವೆ ಹೋಗುವುದು ಅಲ್ಲೇ.

"ಭಾನುವಾರ ಬಿಟ್ಟು ಉಳಿದ ದಿನ ಚರ್ಚಿಗೆಲ್ಲ ಶಾಖ ಹಾಕುವುದಿಲ್ಲ. ಕೊಳವೆ ಹೆಪ್ಪುಗಟ್ಟಬಾರದೆಂದು ಇದೊಂದನ್ನೇ ಬೆಚ್ಚಗಿಡುತ್ತೇವೆ. ಬೆಂಚಿನ ಮೇಲೆ ಕೂತಿದ್ದರೆ ನಿಮ್ಮ ತಾಯಿ..." ಎಂದು ಅವರು ಎದೆಯ ಮೇಲೆ ಶಿಲುಬೆಯ ಗುರುತು ಹಾಕಿಕೊಂಡರು.

ಅಮ್ಮನ ಪಾದ ಮುಟ್ಟಿ ನೋಡಿದೆ. ಬೆಚ್ಚಗಿತ್ತು.

ಬಂಧುಗಳೇ, ಆ ಗೋಡೆ ಕಟ್ಟಿದ ಪುಣ್ಯಾತ್ಮರಿಗೆ ನಮ್ಮಮ್ಮ ಯಾರೆಂದು ಗೊತ್ತಿರಲಿಲ್ಲ. ಪ್ರದಕ್ಷಿಣೆಯೆಂಬ ಮಾತನ್ನೂ ಅವರು ಕೇಳಿದವರಲ್ಲ. ಗೊತ್ತಿದ್ದವನು ಮೇಲಿನವನೊಬ್ಬನೇ. ಅವನು ಅಮ್ಮನಿಗೆಂದು ಆ ಓಣಿಯನ್ನು ಅವರ ಕೈಯಲ್ಲಿ ಕಟ್ಟಿಸಿಟ್ಟಿದ್ದ.