ಮುನಿಯಮ್ಮನ ಹಿಟ್ಟು ಉಬ್ಬುತ್ತಿದ್ದ ಮೂಲೆ

ಹಲಸೂರು ಕೆರೆ ಹತ್ತಿರದ ಆ ಬಂಗಲೆಯ ದೊರೆಸಾನಿಗೆ ನಮ್ಮ ಬೆಂಗಳೂರಿನ ಚಳಿಯನ್ನೂ ತಡೆಯಲಾಗುತ್ತಿರಲಿಲ್ಲ. ಹಿತ್ತಲಲ್ಲಿ ಬಾಯ್ಲರ್ ಇಡಿಸಿ, ನೆಲದಡಿಯ ಪೈಪುಗಳಲ್ಲಿ ಕೋಣೆಕೋಣೆಗೂ ಹಬೆ ಹಾಯಿಸಿಕೊಂಡಿದ್ದರು. ಮಹಾಯುದ್ಧ ಮುಗಿದ ಮೇಲಿನ ಚಳಿಗಾಲ ಅದು. ಹಬೆ ತಣ್ಣಗಾಗಿ, ನೀರಾಗಿ, ಬಾಯ್ಲರಿಗೇ ವಾಪಸ್ ಬರಬೇಕು. ಆದರೆ ದಿನಾ ಎರಡು ಕೊಡ ನೀರು ಎಲ್ಲೋ ಮಾಯವಾಗುತ್ತಿತ್ತು. ಪೈಪ್ ಕೆಲಸದವನು ಅಂತ ನನ್ನನ್ನು ಕರೆಸಿದರು.

ಎರಡು ದಿನ ನೆಲ ತಟ್ಟಿದೆ. ಕೋಲನ್ನು ಕಲ್ಲಿಗೂರಿ ಇನ್ನೊಂದು ತುದಿಗೆ ಕಿವಿಯಿಟ್ಟು ಆಲಿಸಿದೆ. ಎಲ್ಲೂ ಒದ್ದೆಯಿಲ್ಲ, ಸದ್ದಿಲ್ಲ. ಮೂರನೇ ಬೆಳಿಗ್ಗೆ ಅಡುಗೆಯ ಮುನಿಯಮ್ಮ ಎರಡು ಇಡ್ಲಿ ಕೊಟ್ಟರು. ಹತ್ತಿಯ ಹಾಗಿದ್ದವು. ನಮ್ಮ ಮನೆಯಲ್ಲಿ ಆ ಚಳಿಗೆ ಹಿಟ್ಟು ಉಬ್ಬಿ ವಾರವಾಗಿತ್ತು.

“ಹಿಟ್ಟು ಎಲ್ಲಿಡ್ತೀರಮ್ಮಾ?”

“ಉಗ್ರಾಣದ ಮೂಲೇಲಿ. ಅಲ್ಲಿ ಲಕ್ಷ್ಮಿ ಇದ್ದಾಳೆ ಮೇಸ್ತ್ರಿ. ಬೇರೆ ಎಲ್ಲಿಟ್ರೂ ಉಬ್ಬಲ್ಲ.”

ಹೋಗಿ ನೋಡಿದರೆ ನೆಲದ ಕಲ್ಲಿಗೆ ಅರಿಶಿನ ಕುಂಕುಮ ಹಚ್ಚಿತ್ತು. ಅಂಗೈ ಇಟ್ಟೆ. ಜ್ವರ ಬಂದವರ ಹಣೆಯಂತೆ ಬೆಚ್ಚಗಿತ್ತು.

“ಆ ಕಲ್ಲೊಂದು ಮುಟ್ಬೇಡಿ. ಬೇಕಾದ್ರೆ ದಿನಾ ಎರಡು ಕೊಡ ನೀರು ನಾನೇ ಹೊತ್ತು ತಂದು ಬಾಯ್ಲರಿಗೆ ಸುರೀತೀನಿ,” ಅಂದರು ಹಿಂದೆಯೇ ಬಂದ ಮುನಿಯಮ್ಮ.

ನನಗೂ ಮನಸ್ಸಿರಲಿಲ್ಲ. ಆದರೂ ಎಬ್ಬಿಸಿದೆ. ಕೆಳಗೆ ತುಕ್ಕು ಹಿಡಿದ ಜಾಯಿಂಟೊಂದು ಸದ್ದಿಲ್ಲದೆ ಮಣ್ಣಿಗೆ ಹಬೆ ಬಿಡುತ್ತಿತ್ತು. ಅದನ್ನು ಬದಲಾಯಿಸಿ ಕಲ್ಲು ಮುಚ್ಚಿದೆ.

ಮಾರನೇ ದಿನ ಕೆಲಸ ಸರಿಯಾಗಿದೆಯೋ ಇಲ್ಲವೋ ನೋಡಲು ಹೋದೆ. ಬಾಯ್ಲರ್ ಹತ್ತಿರ ಹೋಗುವ ಮೊದಲೇ ಮುನಿಯಮ್ಮ ಇಡ್ಲಿಯ ತಟ್ಟೆ ಮುಂದಿಟ್ಟರು. ಆ ಇಡ್ಲಿ ಅಗಿಯುತ್ತಾ ಅಗಿಯುತ್ತಾ ನನಗೆ ಖಾತ್ರಿಯಾಯಿತು: ಲೀಕು ಪೂರ್ತಿ ನಿಂತಿದೆ.