ಟಗರಿನ ಪಾಲಿನ ಮಾತ್ರೆ

ನಾನು ಬಿಡದಿ ಪಕ್ಕದ ಹಳ್ಳಿಯೊಂದರಲ್ಲಿ ಅಂಗನವಾಡಿ ನಡೆಸುತ್ತಿದ್ದಾಗ ಊರಿಗೆ ಊರೇ ಕೆಮ್ಮುತ್ತಿತ್ತು. ಹೊಸ ಕಾರ್ಖಾನೆಗಳಿಗೆ ಮಣ್ಣು ಹೊರುವ ಟಿಪ್ಪರುಗಳು ದಿನವಿಡೀ ಓಡಾಡುತ್ತಿದ್ದವು. ಯಾರು ಕೆಮ್ಮಿದರೂ ಧೂಳು ಎನ್ನುವುದೊಂದೇ ಉತ್ತರ. ನಾವೆಲ್ಲ ದೊಡ್ಡಪ್ಪ ಎಂದು ಕರೆಯುವ, ಕುರಿ ಸಾಕುವ ಮನೆಯ ಮುದುಕನೂ ಧೂಳನ್ನು ಬಯ್ದುಕೊಂಡೇ ಎರಡು ತಿಂಗಳು ಕೆಮ್ಮಿದ. ನಾನು ಅವನನ್ನು ಬಯ್ದು ಕಫದ ಪರೀಕ್ಷೆಗೆ ಕಳಿಸಿದೆ. ಟಿ.ಬಿ. ಎಂದು ಬಂತು. ಆಸ್ಪತ್ರೆಯವರು ಆರು ತಿಂಗಳ ಮಾತ್ರೆಗಳನ್ನು ಒಂದು ಡಬ್ಬಿಗೆ ತುಂಬಿ, ಅವನ ಹೆಸರು ಬರೆದು ನನ್ನ ಕೈಗಿಟ್ಟರು. ವಾರಕ್ಕೆ ಮೂರು ದಿನ ನನ್ನ ಕಣ್ಣೆದುರೇ ನುಂಗಿಸಬೇಕಿತ್ತು.

ನುಂಗಿಸುವ ವಿದ್ಯೆಯಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂಬ ಜಂಬ ನನಗೆ. ಹಟಮಾರಿ ಮಕ್ಕಳಿಗೆ ದಿನಾ ಉಪ್ಪಿಟ್ಟು ತಿನ್ನಿಸಿ ಪಳಗಿದವಳು. ಮೊದಲ ದಿನವೇ ಪಾಠ ಮಾಡಿದೆ: ಕೆಮ್ಮಿದರೆ ಕಾಯಿಲೆ ಇನ್ನೊಬ್ಬರಿಗೆ ಹರಡುತ್ತದೆ, ಮಾತ್ರೆ ತಪ್ಪಿಸಿದರೆ ಮತ್ತೆ ಬರುತ್ತದೆ, ಮಾತ್ರೆ ನುಂಗಿದ ದಿನ ಉಚ್ಚೆ ಕೆಂಪಗೆ ಹೋಗುತ್ತದೆ, ಹೆದರಬೇಡ.

ಅವನ ಮೂರು ವರ್ಷದ ಮೊಮ್ಮಗಳು ನಮ್ಮ ಅಂಗನವಾಡಿಯ ಮಗು. ಅಪ್ಪ ಅಮ್ಮ ಇಬ್ಬರೂ ಬೆಳಗಿನ ಪಾಳಿಗೆ ಫ್ಯಾಕ್ಟರಿ ಬಸ್ಸು ಹತ್ತುತ್ತಿದ್ದರು, ಮಗು ತಾತನ ಹೆಗಲೇರಿ ಬರುತ್ತಿತ್ತು. ನನ್ನ ಪಾಠ ಕೇಳಿದ ದಿನವೇ ಅವನು ಅದನ್ನು ಹೆಗಲಿನಿಂದ ಇಳಿಸಿಬಿಟ್ಟ. ಕುರಿ ಮೇಯುವ ಜಾಗಕ್ಕೆಲ್ಲ ಕಾಂಪೌಂಡು ಬಂದು ಮಂದೆ ಮಾರಿದ ಮೇಲೆ ಒಂದು ದೊಡ್ಡ ಟಗರು ಮಾತ್ರ ಉಳಿದಿತ್ತು. ಮಗುವನ್ನು ಅದರ ಬೆನ್ನ ಮೇಲೆ ಕೂರಿಸಿ, ತನ್ನ ಬಾಯಿಗೆ ಟವೆಲ್ ಸುತ್ತಿ, ಹಗ್ಗ ಹಿಡಿದು ಮುಂದೆ ನಡೆಯುತ್ತಿದ್ದ. ಮಗು ಎರಡು ಕೊಂಬು ಹಿಡಿದು ಮಹಾರಾಣಿಯ ಹಾಗೆ ಬರುತ್ತಿತ್ತು.

ಎರಡು ತಿಂಗಳಿಗೆ ಕಫ ಚೊಕ್ಕವಾಯಿತು. "ಇನ್ನು ಎತ್ಕೊ ದೊಡ್ಡಪ್ಪ, ಏನೂ ಆಗಲ್ಲ" ಎಂದೆ.

"ಡಬ್ಬೀಲಿ ಇನ್ನೂ ಮಾತ್ರೆ ಐತಲ್ಲವ್ವ. ಕಾಯಿಲೆ ಇಲ್ದಿದ್ರೆ ಮಾತ್ರೆ ಯಾಕಿರ್ತಿತ್ತು? ಖಾಲಿ ಆಗ್ಲಿ, ಎತ್ಕತೀನಿ."

ಎಷ್ಟು ಹೇಳಿದರೂ ಜಗ್ಗಲಿಲ್ಲ. ಮಗು ದಿನಾ ಅವನ ಪಂಚೆ ಎಳೆದು ಎರಡೂ ಕೈ ಮೇಲೆತ್ತುತ್ತಿತ್ತು. ಅವನು ಎಲ್ಲೋ ನೋಡುತ್ತಿದ್ದ.

ಆಮೇಲೆ ಆಸ್ಪತ್ರೆಯ ನಿಯಮ ಸಡಿಲವಾಯಿತು. ಸೋಮವಾರದ ಮಾತ್ರೆ ನನ್ನೆದುರು, ಉಳಿದೆರಡು ದಿನದ್ದು ಮನೆಯಲ್ಲಿ. ಮಾತ್ರೆಯ ಖಾಲಿ ಶೀಟು ತಂದು ತೋರಿಸಬೇಕು. ಅವನು ತಪ್ಪದೆ ತರುತ್ತಿದ್ದ, ನಾನು ತಪ್ಪದೆ ಅವನ ಚಿಕಿತ್ಸೆಯ ಕಾರ್ಡಿನಲ್ಲಿ ಗುರುತು ಹಾಕುತ್ತಿದ್ದೆ.

ಒಂದು ಬುಧವಾರ ಆ ಟಗರು ನಾನು ಆಗತಾನೆ ತೊಳೆದ ಜಗುಲಿಯ ಮೇಲೆ ಉಚ್ಚೆ ಹೊಯ್ದಿತು. ಪೊರಕೆ ಎತ್ತಿದವಳು ಹಾಗೇ ನಿಂತೆ. ಉಚ್ಚೆ ಕಿತ್ತಳೆಗೆಂಪು. ಆ ಬಣ್ಣ ನನಗೆ ಗೊತ್ತಿತ್ತು.

"ದೊಡ್ಡಪ್ಪ, ಇದಕ್ಕೆ ಏನು ಕೊಟ್ಟೆ?"

ಅವನು ತನ್ನ ಕಾಲಿನ ಹೆಬ್ಬೆರಳು ನೋಡಿಕೊಂಡ. "ಅದೂ ಕೆಮ್ತಿತ್ತು ಕಣವ್ವ. ಕೂಸು ಅದ್ರ ಮ್ಯಾಲೇ ಕೂರ್ತದೆ. ಕೆಮ್ಮಿದ್ರೆ ಅಂಟ್ಕತದೆ ಅಂತ ನೀನೇ ಅಲ್ವಾ ಯೋಳಿದ್ದು? ನಂಗೆ ಒಸಿ ವಾಸಿ ಆಗಿತ್ತು. ಬಾಳೆಹಣ್ಣಲ್ಲಿ ಇಟ್ಟು ಕೊಟ್ಬುಟ್ಟೆ."

"ಎಷ್ಟು ದಿನದಿಂದ?"

"ಮೂರು ವಾರ ಆಯ್ತು."

ನಗು ಬಂತು, ಆದರೂ ಪೊರಕೆ ಬಿಸಾಕಿ ಕಾರ್ಡು ತೆಗೆದು ನೋಡಿದೆ. ಮೂರು ವಾರ ನಾನು ಮುತುವರ್ಜಿಯಿಂದ ಹಾಕಿದ್ದ ಗುರುತುಗಳಲ್ಲಿ ಮೂರಕ್ಕೆ ಎರಡು ಪಾಲು ಟಗರಿನವು. ಕಾಯಿಲೆ ಮರುಕಳಿಸಿದ್ದರೆ ಈ ಮುದುಕನ ಗತಿ ಏನು? ಆಸ್ಪತ್ರೆಗೆ ಎಳೆದುಕೊಂಡು ಹೋದೆ. ಡಾಕ್ಟರು ಅವನನ್ನು ಬಿಟ್ಟು ನನಗೇ ಮಂಗಳಾರತಿ ಮಾಡಿದರು. ಸರಿಯಾಗೇ ಮಾಡಿದರು. ಪುಣ್ಯಕ್ಕೆ ಕಫ ಚೊಕ್ಕವಾಗೇ ಇತ್ತು. ಆದರೆ ತಪ್ಪಿದ ಮಾತ್ರೆಗಳನ್ನು ನುಂಗಿ ಮುಗಿಸಲು ಇನ್ನೆರಡು ವಾರ ಹೆಚ್ಚು ಬೇಕಿತ್ತು.

"ಇನ್ನೂ ಎಲ್ಡು ವಾರನಾ?" ಎಂದು ಕೇಳಿ ಅವನು ಜಗುಲಿಯಲ್ಲಿ ಆಡುತ್ತಿದ್ದ ಮಗುವಿನ ಕಡೆ ನೋಡಿದ. ಅದೇ ನನಗೆ ಹೆಚ್ಚು ಸಂಕಟವಾಯಿತು.

ಅಂದಿನಿಂದ ಪ್ರತಿ ಮಾತ್ರೆಯೂ ನನ್ನೆದುರೇ. ಅವನದೂ ಒಂದು ಷರತ್ತು: ಟಗರಿಗೂ ಔಷಧಿ ಆಗಬೇಕು. ದನದ ಆಸ್ಪತ್ರೆಯಿಂದ ಬಾಟಲಿ ತರಿಸಿದೆ. ಬೆಳಿಗ್ಗೆ ಹತ್ತಕ್ಕೆ ಇಬ್ಬರು ರೋಗಿಗಳೂ ಜಗುಲಿಯಲ್ಲಿ ಸಾಲಾಗಿ ನಿಲ್ಲುತ್ತಿದ್ದರು, ಮಕ್ಕಳು ಚಪ್ಪಾಳೆ ತಟ್ಟುತ್ತಿದ್ದರು. ಟಗರಿನ ಮೇಲೆ ನನಗೆ ನಂಬಿಕೆ ಇತ್ತು. ದೊಡ್ಡಪ್ಪನದು ಮಾತ್ರ ನಾಲಿಗೆ ಎತ್ತಿಸಿ ನೋಡುತ್ತಿದ್ದೆ.

ಕೊನೆಯ ಮಾತ್ರೆಯ ದಿನ ಬಂತು. ಕೊನೆಯ ಕಫದ ರಿಪೋರ್ಟೂ ಚೊಕ್ಕ. ನಾನು ಡಬ್ಬಿ ತಲೆಕೆಳಗು ಮಾಡಿ ತಟ್ಟಿ ತೋರಿಸಿದೆ. ಅವನು ನಂಬದೆ ಕೈಗೆ ತೆಗೆದುಕೊಂಡು ಮೂಲೆಮೂಲೆಗೂ ಬೆರಳಾಡಿಸಿದ. ಆಮೇಲೆ ಟವೆಲ್ ಬಿಚ್ಚಿ, ಬಗ್ಗಿ, ಮಗುವನ್ನು ಎತ್ತಿ ಹೆಗಲ ಮೇಲೆ ಕೂರಿಸಿಕೊಂಡ.

ಟಗರಿನ ಸವಾರಿಗೆ ಒಗ್ಗಿದ್ದ ಮಗು ಅವನ ತಲೆಯ ಎರಡೂ ಕಡೆ ಕೊಂಬಿಗಾಗಿ ತಡಕಾಡಿತು. ಸಿಗದೆ, ಕಿವಿಗಳೆರಡನ್ನೂ ಬಿಗಿಯಾಗಿ ಹಿಡಿದು ಎಳೆಯಿತು. ದೊಡ್ಡಪ್ಪನ ಕಣ್ಣಲ್ಲಿ ನೀರು ಬಂದುಬಿಟ್ಟಿತು. ನಾನು ಬಿಡಿಸಲು ಹೋದೆ.

"ಬ್ಯಾಡ ಕಣವ್ವ," ಎಂದ, "ಎಳೀಲಿ ಬುಡು."